ಒರೆಸದೆ ಉಳಿದ ಸಾಲು

ಮೊದಲು ಓದಿದ್ದು ಇನ್‌ಮೊನ ಬೆರಳುಗಳು, ಆಮೇಲೆ ಅವನು. ಪರದೆಯ ಮೇಲಿದ್ದದ್ದು ಡಿ, ಎಚ್, ಎಸ್, ಎಂ, ಎಫ್ ಎಂದು ಶುರುವಾಗಿ ಹೇಗೆಹೇಗೋ ಹೊರಳಿ ಎಲ್ಲೋ ಮುಗಿಯುವ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹೊರಗಿನವರು ಯಾರಾದರೂ ನೋಡಿದ್ದರೆ ಕಸವೆಂದು ಸರಿಸಿ ಮುಂದೆ ಹೋಗುತ್ತಿದ್ದರು. ಕೊರಿಯಾದ ಸೋಲ್ ನಗರದಲ್ಲಿ ಬೆಳೆದ ಬೆರಳಿಗೆ ಮಾತ್ರ ಅದು ಕಸವಾಗಿ ಕಾಣುವುದು ಸಾಧ್ಯವಿರಲಿಲ್ಲ. ಕೀಲಿಮಣೆಯ ಒಂದೊಂದು ಗುಂಡಿಯ ಮೇಲೂ ಎರಡೆರಡು ಲಿಪಿ. ಇಂಗ್ಲಿಷಿಗೆ ತಿರುಗಿಸಿಟ್ಟು ಕೊರಿಯನ್ ಮಾತನ್ನು ಹೊಡೆದರೆ ಹೊಡೆದವರಿಗೆ ಅದು ಮಾತು, ನೋಡಿದವರಿಗೆ ಗೊಬ್ಬರ. ಪಾಸ್‌ವರ್ಡ್ ಇಡುವಾಗ ಎಲ್ಲರೂ ಹೀಗೇ ಮಾಡುತ್ತಾರೆ, ಅವನ ಹೆಂಡತಿ ಮಾಡುತ್ತಾಳೆ, ಅವಳ ಅಮ್ಮನೂ ಮಾಡುತ್ತಾರೆ; ಮಾಡಿ, ತಾವು ಜಗತ್ತಿನಲ್ಲಿ ಯಾರಿಗೂ ಹೊಳೆಯದ ಉಪಾಯ ಕಂಡುಹಿಡಿದೆವೆಂದು ಒಳಗೊಳಗೇ ಬೀಗುತ್ತಾರೆ. ಇನ್‌ಮೊನ ಬೆರಳುಗಳು ಮೇಜಿನ ಅಂಚಿನ ಮೇಲೆ, ಯಾರೂ ಕೇಳದಿದ್ದರೂ, ಆ ಅಕ್ಷರಗಳು ಇರಬೇಕಾದ ಜಾಗಗಳನ್ನು ಒಂದೊಂದಾಗಿ ತಟ್ಟಿದವು. ಮೂಡಿದ ಮಾತು ಇದು: ಇವತ್ತೂ ನಗು. ಇನ್‌ಮೊ ಶುರು ಮಾಡಿದ ಕೂಡಲೆ ಎಲ್ಲರಿಗಿಂತ ಮೊದಲು ನೀನು ನಗು.

ತನ್ನ ಹೆಸರು ಅಲ್ಲಿ ಬಂದದ್ದನ್ನು ಬೆರಳು ಹೇಳಿದರೂ ತಲೆ ಒಪ್ಪಲಿಲ್ಲ. ಬೇರೆ ಯಾರೋ ಇನ್‌ಮೊ ಇರಬಹುದು, ಹಾಡುಗಾರನೋ, ಈ ಯಂತ್ರದ ಮುಂದೆ ಕೂರುವವಳ ಅಕ್ಕನ ಮಗನೋ, ನಾಯಿಗೂ ಜನ ಏನೇನೋ ಹೆಸರಿಡುತ್ತಾರೆ. ಅವನು ಪರದೆಯನ್ನು ಕೆಳಗೆ ಎಳೆದ. ಅದೇ ಸಾಲು ಇನ್ನೊಮ್ಮೆ ಬಂತು. ಇನ್ನೂ ಎಳೆದ, ಮತ್ತೆ ಬಂತು. ಬೆಳಗಿನಿಂದ ಅವಳು ಎಷ್ಟು ಸಲ ಎದ್ದುಹೋಗಿ ಬಂದಿದ್ದಳೋ, ಲೋಟ ತೊಳೆಯಲು, ಮುದ್ರಣದ ಕಾಗದ ತರಲು, ಕಿಟಕಿ ಹಾಕಲು, ಹೋಗುವಾಗ ದಾಖಲೆಗೆ ಬೀಗ ಹಾಕಿ ಬಂದು ತೆಗೆದಿದ್ದಳೋ, ಅಷ್ಟು ಸಲವೂ ಆ ಸಾಲು ಯಂತ್ರದ ನೆನಪಿನೊಳಗೆ ಒಂದರ ಕೆಳಗೊಂದು ಬಿದ್ದುಕೊಂಡಿತ್ತು, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಗೆ ಮೇಷ್ಟ್ರು ಬರೆಯಲು ಕೊಟ್ಟ ಶಿಕ್ಷೆಯ ಹಾಗೆ.

ಅದು ಓಕ್‌ಹ್ವಾಳ ಕಂಪ್ಯೂಟರು. ಆಫೀಸಿನಲ್ಲಿ ತಯಾರಾದ ತಂತ್ರಾಂಶವನ್ನು ಗಿರಾಕಿಗೆ ಕೊಡುವ ಮುಂಚೆ ಎಲ್ಲ ಕಡೆಯಿಂದ ಒದ್ದು ನೋಡುವುದು ಅವಳ ಕೆಲಸ, ಹಾಗಾಗಿ ಗಿರಾಕಿಗಳ ಬಳಿ ಇರುವ ಹಳೆಯ ಆವೃತ್ತಿ ಈಗಲೂ ಇದ್ದದ್ದು ಅದೊಂದರಲ್ಲೇ. ತಂತ್ರಾಂಶದ ಹೆಸರು ಅಗುಳಿ, ಅದನ್ನು ಬರೆದ ತಂಡದ ಲೀಡರ್ ಇನ್‌ಮೊ. ದಾಖಲೆಗಳನ್ನು ಗೂಢಲಿಪಿಗೆ ತಿರುಗಿಸಿ, ಪಾಸ್‌ವರ್ಡ್ ಕೊಟ್ಟವರಿಗೆ ಮಾತ್ರ ತೆರೆದು ತೋರಿಸುವುದು ಅದರ ಧರ್ಮ. ವಕೀಲರು ಕೊಂಡಿದ್ದರು, ಹಲ್ಲಿನ ಡಾಕ್ಟರುಗಳು ಕೊಂಡಿದ್ದರು, ಇವತ್ತು ಮಧ್ಯಾಹ್ನ ಒಂದು ದೊಡ್ಡ ಆಸ್ಪತ್ರೆಯ ಗುಂಪಿನವರು ಸಹಿ ಹಾಕಲು ಬರುವವರಿದ್ದರು. ಬೆಳಿಗ್ಗೆ ಯಾವನೋ ವಿದ್ಯಾರ್ಥಿಯಿಂದ ಅತಿ ವಿನಯದ ಒಂದು ಈಮೇಲು ಬಂದಿತ್ತು: ತಮ್ಮ ಅಗುಳಿ ಮುಚ್ಚಿದ ಮೇಲೂ ಪಾಸ್‌ವರ್ಡನ್ನು ಮೆಮೊರಿಯಿಂದ ಅಳಿಸುತ್ತಿಲ್ಲ, ದಯವಿಟ್ಟು ಪರಿಶೀಲಿಸಬೇಕು, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ. ಪರಿಶೀಲಿಸುವುದಕ್ಕೆ ಒಂದು ಸುಳ್ಳು ಪಾಸ್‌ವರ್ಡ್ ಹಾಕಿ ನೋಡಿದ್ದರೆ ಸಾಕಿತ್ತು. ಸೇಬು ಎಂದೋ ಮೂಲಂಗಿ ಎಂದೋ. ಅದಕ್ಕೂ ಸೋಮಾರಿತನ. ಅವಳು ಬಚ್ಚಲುಮನೆಯ ಕಡೆ ಹೋದದ್ದನ್ನು ಕಂಡು, ಕುರ್ಚಿಗೆ ಜಾರಿ, ಇಡೀ ಮೆಮೊರಿಯನ್ನು ಒಂದೇ ಫೈಲಿಗೆ ಸುರಿದುಕೊಂಡು ಹುಡುಕಿದ. ಸೋಮಾರಿತನವೇ? ಕುರ್ಚಿಗೆ ಜಾರುವಾಗ, ಇವಳ ಗುಟ್ಟಿನಲ್ಲಿ ಮುಂದಿನ ಸಲಕ್ಕೆ ಒಂದು ಹೊಸ ತಮಾಷೆ ಸಿಕ್ಕೀತು ಎಂಬ ಆಸೆ ಬಾಲ ಅಲ್ಲಾಡಿಸಿದ್ದು ಸುಳ್ಳೇ?

"ಲೀಡರ್ರೇ, ನನ್ನ ಕುರ್ಚಿ ಬಿಸಿ ಮಾಡ್ತಿದೀರಾ?"

ಓಕ್‌ಹ್ವಾ ಒದ್ದೆ ಕೈಯನ್ನು ಕಾಗದಕ್ಕೆ ಒರೆಸುತ್ತ ನಿಂತಿದ್ದಳು. ಕಾಲಿನಲ್ಲಿ ಆಫೀಸಿನೊಳಗೆ ಎಲ್ಲರೂ ಹಾಕುವ ರಬ್ಬರ್ ಚಪ್ಪಲಿ, ಅದಕ್ಕೇ ಸದ್ದಾಗಿರಲಿಲ್ಲ. ಇನ್‌ಮೊ ಪರದೆಯನ್ನು ಮುಚ್ಚಿದ, ಮುಚ್ಚಿದ ವೇಗ ಅವನಿಗೇ ಅಸಹ್ಯವೆನ್ನಿಸಿತು. ಹೆಂಡತಿ ಒಳಗೆ ಬಂದಾಗ ಫೋನು ಬೋರಲು ಹಾಕುವ ಗಂಡಸರ ವೇಗ ಅದು.

"ಚಳಿ ಅಲ್ವಾ," ಎಂದ. "ಬಿಸಿ ಮಾಡಿದ ಬಾಡಿಗೆ ಆಮೇಲೆ ಕೊಡಿ."

ಅವಳು ನಕ್ಕಳು. ಅಂಗೈ ಬಾಯಿಗೆ ಅಡ್ಡ ಬಂತು, ಹೆಗಲು ಎರಡೂ ಕಿವಿಯ ಹತ್ತಿರಕ್ಕೆ ಏರಿದವು, ಬಿಕ್ಕಳಿಕೆಯಂಥ ಸದ್ದು ಮೂರು ತುಂಡಾಗಿ ಹೊರಬಂತು. ಅವನು ಬಾಯಿ ಮುಚ್ಚುವ ಮೊದಲೇ ಬಂದುಬಿಟ್ಟಿತ್ತು ಆ ನಗು. ಈವರೆಗೆ ಅದನ್ನು ಅವನು ತನ್ನ ಜಾಣ್ಮೆಯ ವೇಗವೆಂದು ತಿಳಿದಿದ್ದ.

ತನ್ನ ಜಾಗಕ್ಕೆ ಬಂದು ಕುಳಿತ ಮೇಲೆ ಬಾರ್ಲಿ ನೀರು ಕುಡಿದ. ಓಕ್‌ಹ್ವಾ ಗಡಿಯಾಚೆಯ ಯೊನ್ಬ್ಯೊನ್ ಸೀಮೆಯವಳು. ಚೀನಾದ ಪಾಸ್‌ಪೋರ್ಟು, ಆಡುವುದು ಮಾತ್ರ ಅಜ್ಜನ ಕಾಲದಿಂದ ಕೊರಿಯನ್ನೇ. ಸೋಲ್ ನಗರದವರ ಹಾಗೆ ಆಡಲು ಅವಳು ಪಡುವ ಪಾಡು ಕಿವಿಗೆ ಕಾಣುತ್ತಿತ್ತು. ವಾಕ್ಯದ ಮೊದಲರ್ಧ ಇಸ್ತ್ರಿ ಮಾಡಿದಂತೆ ನೆಟ್ಟಗೆ ಬಂದು, ಕೊನೆಗೆ ಮಾತ್ರ ಕಾಲ್ಬೆರಳ ಮೇಲೆ ನಿಂತು ಗೋಡೆಯಾಚೆ ಇಣುಕುತ್ತಿತ್ತು. ಆ ಇಣುಕನ್ನು ಇನ್‌ಮೊ ಕದ್ದ. ಆಫೀಸಿನವರೆಲ್ಲ ಬೆಟ್ಟದ ಬುಡದ ಹೋಟೆಲಿಗೆ ತರಬೇತಿಗೆಂದು ಹೋಗಿದ್ದಾಗ, ಎಲ್ಲರೂ ಸುಸ್ತಾಗಿ, ಹಂದಿಮಾಂಸ ಕಾವಲಿಯ ಮೇಲೆ ಒಣಗುತ್ತಿದ್ದಾಗ, ಏನಾದರೂ ಮಾಡಯ್ಯ ಎಂದು ಕಂಪನಿಯ ಯಜಮಾನ ಕುಕ್ ಹೇಳಿದಾಗ, ಇನ್‌ಮೊ ಎದ್ದು ನಿಂತು ಹೆಗಲೇರಿಸಿ, "ಲೀಡರ್ರೇಏ, ಫೈಲು ಬಾಯಿ ಬಿಡ್ತಾ ಇಲ್ಲಾಆ, ನಾನೇನ್ ಮಾಡ್ಲೀಈ?" ಎಂದಿದ್ದ. ಛಾವಣಿ ಹಾರುವುದೊಂದು ಬಾಕಿ. ಆವತ್ತು ಅವಳು ಮೊದಲು ನಗಲಿಲ್ಲ. ಇದು ಈಗ ನೆನಪಾಯಿತು. ಆವತ್ತು ಅವಳು ಊಟದ ಕಡ್ಡಿಗಳಲ್ಲಿ ಮಾಂಸದ ತುಂಡೊಂದನ್ನು ಹಿಡಿದು, ಅದನ್ನು ಬಾಯಿಗೆ ಹಾಕುವುದೋ ತಟ್ಟೆಗೆ ಹಾಕುವುದೋ ತಿಳಿಯದವಳಂತೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಎಲ್ಲರೂ ನಗುತ್ತಿರುವುದು ಖಾತ್ರಿಯಾದ ಮೇಲೆ ನಕ್ಕಳು. ಆ ತಡಕ್ಕೇ ಯಾರೋ, "ಓಹೋ, ಓಕ್‌ಹ್ವಾ ಅವರಿಗೆ ಸಿಟ್ಟು ಬಂತು ನೋಡ್ರಪ್ಪ," ಅಂದರು. ಮರುದಿನ ಅವನ ಮೇಜಿನ ಮೇಲೆ ಒಂದು ಪೊಟ್ಟಣ ಬೇಯಿಸಿದ ಚೆಸ್ಟ್‌ನಟ್ ಬೀಜ ಇಟ್ಟಿದ್ದಳು. ಸಂಜೆ ಮನೆಗೆ ಒಯ್ದಾಗ ಹೆಂಡತಿ ಒಂದನ್ನು ಸುಲಿದು, "ಯಾಕೆ ಕೊಟ್ಟಳು?" ಎಂದು ಕೇಳಿದಳು. "ನಗಿಸಿದೆ, ಅದಕ್ಕೆ." ಹೆಂಡತಿ ಬೀಜವನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಟ್ಟು, "ನಗಿಸಿದ್ದಕ್ಕೆ ಯಾರಾದ್ರೂ ಉಡುಗೊರೆ ಕೊಡ್ತಾರಾ?" ಎಂದಿದ್ದಳು. ಅವನು ಅದನ್ನೂ ತಿಂದ, ಉಳಿದವನ್ನೂ ಸುಲಿದು ತಿಂದ. ಸಿಹಿಯಾಗಿತ್ತು.

ಅಲ್ಲಿಂದ ಮುಂದೆ ಅದು ಆಫೀಸಿನ ಪದ್ಧತಿಯೇ ಆಯಿತು. ಯಾರ ಬಡ್ತಿಗೆ, ಯಾರ ಬೀಳ್ಕೊಡುಗೆಗೆ ಊಟವಿದ್ದರೂ ಕೊನೆಗೆ ಇನ್‌ಮೊನ ಓಕ್‌ಹ್ವಾ. ಅವನು ಕುಕ್ ಯಜಮಾನರ ಕೆಮ್ಮನ್ನೂ ಮಾಡಬಲ್ಲವನಾಗಿದ್ದ, ಮಾರಾಟ ವಿಭಾಗದ ಪೆಂಗ್ ಫೋನಿನಲ್ಲಿ ಗಿರಾಕಿಗೆ ಬಾಗಿ ನಮಸ್ಕರಿಸುವುದನ್ನೂ ಮಾಡಬಲ್ಲವನಾಗಿದ್ದ. ಆದರೆ ಕೆಮ್ಮಿಗೆ ಸಂಬಳ ಕೊಡುವ ಶಕ್ತಿ ಇತ್ತು, ಪೆಂಗ್‌ನಿಗೆ ಕೋಪ ಮಾಡಿಕೊಳ್ಳುವ ಹಕ್ಕಿತ್ತು. ಇಷ್ಟು ವರ್ಷ ಇದನ್ನು ಅವನು ಲೆಕ್ಕ ಹಾಕದೆಯೇ ಲೆಕ್ಕ ಹಾಕಿದ್ದ. ಯಾರನ್ನು ಅನುಕರಿಸಿದರೆ ಏನೂ ಆಗುವುದಿಲ್ಲ ಎಂಬುದು ಮೂಗಿಗೇ ಗೊತ್ತಾಗುತ್ತದೆ, ಕೊಳೆತ ಹಣ್ಣು ಯಾವುದೆಂದು ಮುಟ್ಟದೆ ತಿಳಿಯುವಂತೆ. ಅಲ್ಲ, ಹಾಗಲ್ಲ, ಹಣ್ಣು ಕೊಳೆತಿರಲಿಲ್ಲ.

ಕಣ್ಣು ಮತ್ತೆ ತಾನೇ ಬರೆದ ಹಳೆಯ ಸಾಲುಗಳ ಮೇಲೆ ಬಿತ್ತು. ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಇದ್ದ ಜಾಗವನ್ನು ಸೊನ್ನೆಗಳಿಂದ ಒರೆಸು ಎಂದು ಅವನು ಬರೆದಿದ್ದ, ಖಂಡಿತ ಬರೆದಿದ್ದ, ಇಲ್ಲೇ ಇದೆ. ಆದರೆ ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬಹಳ ಜಿಪುಣ: ಇನ್ನು ಯಾರೂ ಬಂದು ನೋಡದ ಕೋಣೆಯನ್ನು ಗುಡಿಸುವುದೇಕೆ ಎಂದು ಆ ಸಾಲನ್ನೇ ಎತ್ತಿ ಬಿಸಾಡಿತ್ತು. ಅದು ಸಾಲದೆಂಬಂತೆ ಅಗುಳಿ ಪ್ರತಿ ಸಲ ತೆರೆಯುವಾಗಲೂ ಹೊಸ ಜಾಗ ಕೇಳಿ ಪಡೆಯುತ್ತಿತ್ತು, ಹಳೆಯದನ್ನು ಹಿಂದಿರುಗಿಸುತ್ತಿರಲಿಲ್ಲ. ಸೋರಿಕೆ ಎನ್ನುತ್ತಾರೆ, ನಿಜದಲ್ಲಿ ಏನೂ ಸೋರಿಹೋಗುವುದಿಲ್ಲ, ಎಲ್ಲ ಒಳಗೇ ಕಟ್ಟಿಕೊಳ್ಳುತ್ತದೆ. ಒರೆಸಿದ್ದೇನೆಂದು ಬರೆದು, ಒರೆಸಿತೋ ಇಲ್ಲವೋ ಎಂದು ಒಮ್ಮೆಯೂ ತಿರುಗಿ ನೋಡದೆ, ಅವನು ಇಷ್ಟು ಕಾಲ ನೆಮ್ಮದಿಯಾಗಿದ್ದ.

ತನ್ನ ಯಂತ್ರದಲ್ಲೇ ಹಳೆಯ ಆವೃತ್ತಿ ಹಾಕಿ, ಪಾಸ್‌ವರ್ಡ್ ಜಾಗದಲ್ಲಿ ಮೂಲಂಗಿ ಎಂದು ಹೊಡೆದು, ಬೀಗ ಹಾಕಿ, ಮೆಮೊರಿ ಸುರಿದು ನೋಡಿದ. ಮೂಲಂಗಿ ಬಂತು. ಈಗ ತೋರಿಸಲು ಬೇರೆ ಸಾಕ್ಷಿ ಸಿಕ್ಕಿತು; ಅವಳ ಫೈಲನ್ನು ಅಳಿಸಬಹುದು. ಅಳಿಸಿದ. ಅಳಿಸಿದ್ದು ನಿಜವಾಗಿ ಅಳಿಯಿತೋ ಎಂದು ಈ ಸಲ ನೋಡಿದ. ಅಳಿದಿತ್ತು. ಆದರೂ ಎಡಗೈ ನಡುಬೆರಳು ಮೇಜಿನ ಮೇಲೆ ಡಿ ಇರಬೇಕಾದ ಕಡೆಗೆ ಹೋಗಿ ತಟ್ಟಿ ಬಂತು. ಅವಳಿಗೆ ಹೇಳಬೇಕು. ಏನೆಂದು? ಕ್ಷಮಿಸಿ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆಂದು ಹೇಳಿದರೆ, ಒಬ್ಬ ಹೆಂಗಸು ತನಗೆ ತಾನೇ ಗುಟ್ಟಾಗಿ ಹೇಳಿಕೊಳ್ಳುವ ಮಾತನ್ನು ಕದ್ದು ಓದಿದೆನೆಂದು ಹೇಳಿದಂತೆ. ಹೇಳದೆ ಇದ್ದರೆ ಓದಿಯೂ ಸುಮ್ಮನಿದ್ದಂತೆ. ಎರಡು ಕಡೆಯಿಂದಲೂ ಅವಳೇ ನಗಬೇಕಾಗುತ್ತದೆ, ಅಯ್ಯೋ ಅದಕ್ಕೇನಂತೆ ಲೀಡರ್ರೇ, ಎಂದು. ಆ ನಗುವನ್ನು ನೆನೆದೇ ಅವನ ಕತ್ತು ಬಿಸಿಯಾಯಿತು.

"ಏನಯ್ಯಾ, ಆ ಹುಡುಗ ಬರೆದದ್ದು ನಿಜಾನಾ, ಇಲ್ಲಾ ನಮ್ಮ ಹತ್ರ ಏನಾದ್ರೂ ಕಿತ್ಕೊಳ್ಳೋಕೆ ಕಥೆ ಕಟ್ತಿದಾನಾ?" ಕುಕ್ ಯಜಮಾನರು ಬೆನ್ನ ಹಿಂದೆ ಬಂದು ನಿಂತಿದ್ದರು, ಪಕ್ಕದಲ್ಲಿ ಪೆಂಗ್, ಇಬ್ಬರ ಕೈಯಲ್ಲೂ ಕಾಗದದ ಲೋಟದ ಕಾಫಿ.

ಇನ್‌ಮೊ ಮೂಲಂಗಿಯನ್ನು ತೋರಿಸಿದ. ಯಜಮಾನರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು.

"ಅಂದ್ರೆ ಬಾಗಿಲಿಗೆ ಅಗುಳಿ ಹಾಕಿ, ಕೀಲಿ ಹೊಸ್ತಿಲ ಮೇಲೇ ಬಿಟ್ಟಿದೀವಿ ಅಂತ."

"ಕಂಪ್ಯೂಟರ್ ಯಾರ ಕೈಗಾದ್ರೂ ಸಿಕ್ಕಿದ್ರೆ, ಹೌದು ಯಜಮಾನ್ರೇ."

"ಮಧ್ಯಾಹ್ನ ಸಹಿ ಇದೆ," ಎಂದ ಪೆಂಗ್. "ಸಹಿ ಆದ್ಮೇಲೆ ಕಂಡುಹಿಡಿಯೋಕಾಗಲ್ವಾ ಇದನ್ನ?"

"ಬಾಯಿ ಮುಚ್ಚು. ಅವರಿಗೆ ಹೇಳಿಯೇ ಸಹಿ ಹಾಕಿಸ್ಕೋ. ಒಂದು ವಾರ ಮುಂದಕ್ಕೆ ಹೋದ್ರೆ ಹೋಗ್ಲಿ." ಯಜಮಾನರು ಆಫೀಸಿಗೆಲ್ಲ ಕೇಳುವಂತೆ ದನಿ ಎತ್ತಿದರು. "ಎಲ್ಲಾರೂ ಕೇಳಿ! ಅಗುಳಿ ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ, ಈಗ್ಲೇ. ಹಳೇದನ್ನ ಬೇರೆಯೋರು ಓದಬಹುದಂತೆ. ಯಾರ್ಯಾರು ನನ್ನನ್ನ ಬೈದು ಪಾಸ್‌ವರ್ಡ್ ಇಟ್ಟಿದೀರೋ, ಇವತ್ತೇ ಕೊನೇ ದಿನ!"

ಎಲ್ಲರೂ ನಕ್ಕರು. ಓಕ್‌ಹ್ವಾ ನಗುವುದನ್ನು ಮರೆತಳು. ಅವಳು ಎದ್ದು ಎರಡು ಮೇಜು ದಾಟಿ ಬಂದು, ಚಪ್ಪಲಿಯೊಳಗೆ ಬೆರಳು ಮಡಚಿಕೊಂಡು ನಿಂತಳು.

"ಲೀಡರ್ರೇ, ಬೆಳಿಗ್ಗೆ ನನ್ನ ಯಂತ್ರದಲ್ಲಿ ನೋಡಿದ್ದು ಇದನ್ನೇನಾ?"

ಇಲ್ಲ ಎನ್ನಬಹುದಿತ್ತು. ಹೌದು ಎನ್ನಬಹುದಿತ್ತು. ಇನ್‌ಮೊನ ಬಾಯಿ ಎರಡನ್ನೂ ಬಿಟ್ಟು ತನ್ನ ಜಾಣತನಕ್ಕೆ ಕೈ ಹಾಕಿತು. "ಅಯ್ಯೋ, ನಿಮ್ಮದರಲ್ಲಿ ಏನೂ ಸಿಕ್ಕಲಿಲ್ಲ ಬಿಡಿ. ಬರೀ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ. ಓದೋಕೇ ಆಗ್ಲಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ತಿಳಿಯಿತು. ಈ ಊರಿನಲ್ಲಿ ಓದಲಾಗದ ಇಂಗ್ಲಿಷ್ ಅಕ್ಷರ ಎಂದರೆ ಓದಿದೆ ಎಂದೇ ಅರ್ಥ. ಏನೂ ಸಿಕ್ಕಲಿಲ್ಲ ಎಂಬಲ್ಲಿಗೆ ನಿಲ್ಲಿಸಿದ್ದರೂ ಒಂದು ಅನುಮಾನದ ಮರೆ ಇರುತ್ತಿತ್ತು. ಅವಳ ಕಣ್ಣು ಅವನ ಮುಖದಿಂದ ಇಳಿದು ಅವನ ಕೈಗೆ ಬಂತು, ಬೆರಳುಗಳನ್ನು ಒಂದೊಂದಾಗಿ ನೋಡಿತು. ಅವನು ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡ. ಆ ತೆಗೆದುಕೊಂಡದ್ದು ಇನ್ನೊಂದು ತಪ್ಪು.

"ಇಂಗ್ಲಿಷ್ ಅಕ್ಷರಾನಾ," ಎಂದಳು ಅವಳು. "ಸರಿ. ಬದಲಾಯಿಸ್ತೀನಿ."

ಈ ಸಲ ವಾಕ್ಯದ ಕೊನೆ ಎಲ್ಲಿಗೂ ಏರಲಿಲ್ಲ. ನೆಲದ ಮೇಲೇ ಇತ್ತು.

ಮೊದಲೆಲ್ಲ ಆಫೀಸಿನ ಊಟಕೂಟ ಸಂಜೆಗಿರುತ್ತಿತ್ತು; ಚಿಕ್ಕವರು ಗೊಣಗಿದ್ದರಿಂದ ಯಜಮಾನರು ಅದನ್ನು ಮಧ್ಯಾಹ್ನದ ಊಟಕ್ಕೆ ತಂದಿದ್ದರು; ಇವತ್ತಿನದು ಸಹಿ ಹಾಕುವವರು ಬರುವ ಮುಂಚೆ. ಹೊರಗೆ ಗಾಳಿ ಚೂರಿಯಂತಿತ್ತು. ಹಳೆಯ ಬಟ್ಟೆ ಕಾರ್ಖಾನೆಗಳು ಬಿದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡಗಳಿಂದ ಕೊರಳಿಗೆ ಗುರುತುಪಟ್ಟಿ ನೇತುಹಾಕಿಕೊಂಡ ಜನ ಒಂದೇ ಸಮನೆ ಸುರಿದು, ಎಲ್ಲರೂ ಒಂದೇ ರಸ್ತೆ ದಾಟಲು ಕಾಯುತ್ತಿದ್ದರು. ಓಕ್‌ಹ್ವಾ ಮುಂದೆ ನಿಂತಿದ್ದಳು, ಬೂದುಬಣ್ಣದ ಉದ್ದ ಕೋಟಿನ ಹಿಂದೆ ಒಂದು ಎಳೆ ದಾರ ಬಿಟ್ಟುಕೊಂಡಿತ್ತು. ಅದನ್ನು ನೋಡುತ್ತ ಇನ್‌ಮೊ ಮನಸ್ಸಿನಲ್ಲಿ ವಾಕ್ಯ ಕಟ್ಟಿದ: ಓಕ್‌ಹ್ವಾ ಅವರೇ, ನಾನು ಓದಿದೆ. ಇಷ್ಟೇ. ನಾಲ್ಕೇ ಮಾತು. ಆದರೆ ಮನಸ್ಸಿನಲ್ಲಿಯೂ ಆ ವಾಕ್ಯ ಯಾರದೋ ದನಿಯಲ್ಲಿ ಬರುತ್ತಿತ್ತು. ನಾಟಕದ ಪಶ್ಚಾತ್ತಾಪಿಯ ದನಿ, ಟಿ.ವಿ.ಯಲ್ಲಿ ತಲೆ ಬಗ್ಗಿಸಿ ಕ್ಷಮೆ ಕೇಳುವ ದೊಡ್ಡ ಕಂಪನಿಯವನ ದನಿ, ತನ್ನ ಅಪ್ಪ ಕುಡಿದ ಮರುದಿನ ಅಮ್ಮನೊಂದಿಗೆ ಆಡುತ್ತಿದ್ದ ದನಿ. ಇಷ್ಟು ಜನರ ದನಿ ಬಲ್ಲವನಿಗೆ ತನ್ನದು ಯಾವುದೆಂದು ಥಟ್ಟನೆ ಹೊಳೆಯಲಿಲ್ಲ. ದೀಪ ಹಸಿರಾಯಿತು. ಅವನು ನಾಲ್ಕು ಹೆಜ್ಜೆ ಬೀಸಿ ಹಾಕಿ ಅವಳ ಪಕ್ಕಕ್ಕೆ ಬಂದ.

"ಹೊಸದು ಹಾಕಿದ್ರಾ?" ಎಂದ. ಬಂದದ್ದು ಅದೊಂದೇ.

"ಹಾಕಿದೆ."

"ಉದ್ದ ಇರ್ಲಿ. ಚಿಕ್ಕದಾದ್ರೆ ಬೇಗ ಒಡೀತಾರೆ."

"ಉದ್ದದ್ದು ಇಟ್ಟು ನೋಡಿದ್ನಲ್ಲಾ," ಎಂದಳು ಅವಳು, ರಸ್ತೆಯ ಬಿಳಿಪಟ್ಟಿಗಳನ್ನು ನೋಡುತ್ತ. "ದಿನಾ ಹೊಡೆದು ಹೊಡೆದು ಬೆರಳು ನೋವು. ಈ ಸಲ ಚಿಕ್ಕದೇ ಸಾಕು ಅನ್ನಿಸ್ತು."

ಅಷ್ಟರಲ್ಲಿ ಆಚೆ ಬದಿ ಬಂದಿತ್ತು. ಹಂದಿಯ ಬೆನ್ನುಮೂಳೆಯ ಸಾರಿನ ಅಂಗಡಿಯ ಬಾಗಿಲಲ್ಲಿ ಪೆಂಗ್ ನಿಂತು, "ಬೇಗ ಬನ್ನಿ, ಬಿಸಿನೆಲದ ಕೋಣೆ ಸಿಕ್ಕಿದೆ!" ಎಂದು ಕೂಗುತ್ತಿದ್ದ.

ಎಲ್ಲರೂ ಬೂಟು ಕಳಚಿ ಒಳಗೆ ಚಕ್ಕಳಮಕ್ಕಳ ಹಾಕಿ ಕುಳಿತರು. ಹಗಲಾದ್ದರಿಂದ ಮದ್ಯವಿಲ್ಲ, ಯಜಮಾನರು ಸಿಹಿ ಸೋಡಾವನ್ನೇ ಪುಟ್ಟ ಲೋಟಗಳಿಗೆ ಬಗ್ಗಿಸಿದರು, ಕಿರಿಯರು ಅದನ್ನೇ ಎರಡೂ ಕೈಯಲ್ಲಿ ಹಿಡಿದು, ಹಿರಿಯರ ಎದುರು ಮುಖ ಪಕ್ಕಕ್ಕೆ ತಿರುಗಿಸಿ ಕುಡಿದರು. ಮಣ್ಣಿನ ಮಡಕೆಗಳಲ್ಲಿ ಸಾರು ಕುದಿಯುತ್ತಲೇ ಬಂತು. ಇನ್‌ಮೊನಿಗೆ ಓಕ್‌ಹ್ವಾಳ ಎದುರಿನ ಜಾಗವೇ ಸಿಕ್ಕಿತು, ಆವಿಯ ಆಚೆಗೆ ಅವಳ ಮುಖ ಕರಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಬೆಳಗಿನ ಆಘಾತದಿಂದ ಎಲ್ಲರೂ ಸ್ವಲ್ಪ ಸಪ್ಪಗಿದ್ದರು, ಮೂಳೆ ಚೀಪುವ ಸದ್ದೊಂದೇ. ಯಜಮಾನರಿಗೆ ಸದ್ದಿಲ್ಲದ ಊಟ ಆಗದು.

"ಏನ್ರಪ್ಪಾ ಇದು, ಹೆಣ ಮುಂದಿಟ್ಕೊಂಡು ಕೂತ ಹಾಗೆ. ತೂತು ಸಿಕ್ತು, ಮುಚ್ಚೋಣ. ಇನ್‌ಮೊ, ಏಳಯ್ಯಾ! ನಮ್ಮ ಓಕ್‌ಹ್ವಾನ ಕರ್ಕೊಂಡು ಬಾ!"

ಚಪ್ಪಾಳೆ ಶುರುವಾಯಿತು. ಯಾರೋ ಚಮಚದಿಂದ ಮೇಜು ಬಡಿದರು. ಆವಿಯ ಆಚೆ ಅಂಗೈ ಆಗಲೇ ಬಾಯಿಯ ಕಡೆಗೆ ಹೊರಟಿದ್ದನ್ನು ಇನ್‌ಮೊ ಕಂಡ. ಇನ್ನೂ ಅವನು ಎದ್ದಿರಲಿಲ್ಲ, ಒಂದು ಅಕ್ಷರ ಆಡಿರಲಿಲ್ಲ. ಹೆಗಲು ಸಿದ್ಧವಾಗಿತ್ತು.

"ಇವತ್ತು ಬೇಡ ಯಜಮಾನ್ರೇ."

"ಯಾಕೆ, ಕಾಸು ಕೊಟ್ರೆ ಮಾತ್ರಾನಾ?"

"ಗಂಟಲು ಸರಿ ಇಲ್ಲ."

"ಗಂಟಲಿಗೇ ಅಲ್ವೇನೋ ಸಾರು ಇರೋದು! ಕುಡಿ, ಏಳು."

"ಬೇಡ ಅಂದೆ," ಎಂದ ಇನ್‌ಮೊ. ದನಿ ಅವನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು, ಮತ್ತು ಅದು ಯಾರದೂ ಆಗಿರಲಿಲ್ಲ.

ಚಮಚ ನಿಂತಿತು. ಯಜಮಾನರ ನಗು ತುಟಿಯ ಮೇಲೇ ಆರಿ ಗಟ್ಟಿಯಾಯಿತು, ತಣ್ಣಗಾದ ಕೊಬ್ಬಿನಂತೆ. ಹಿರಿಯ ಬಡಿಸಿದ ಲೋಟವನ್ನು ಎಲ್ಲರ ಮುಂದೆ ತಳ್ಳಿದಂತಾಗಿತ್ತು. ಪೆಂಗ್ ಮೂಲಂಗಿ ಉಪ್ಪಿನಕಾಯಿಯ ತಟ್ಟೆಯನ್ನು ಸುಮ್ಮನೆ ಒಂದು ಗೇಣು ಆಚೆ ಸರಿಸಿ, "ಓಕ್‌ಹ್ವಾ ಅವರೇ, ನೀವೇನಾದ್ರೂ ಬೇಜಾರು ಮಾಡ್ಕೊಂಡ್ರಾ?" ಎಂದು ಕೇಳಿದ. ಎಲ್ಲರ ಕಣ್ಣೂ ಅವಳ ಕಡೆ ತಿರುಗಿದವು. ಇನ್‌ಮೊನ ನಿರಾಕರಣೆಯ ಲೆಕ್ಕದ ಚೀಟಿ ಅವಳ ಕೈಗೆ ಹೋಗಿಬಿಟ್ಟಿತ್ತು. ತಾನು ಒಳ್ಳೆಯವನಾಗಲು ಹೊರಟದ್ದಕ್ಕೂ ಬೆಲೆ ತೆರುವವಳು ಅವಳೇ.

ಓಕ್‌ಹ್ವಾ ಎದ್ದು ನಿಂತಳು. "ಯಾಕೆ ಬೇಜಾರು? ಅವರ ಗಂಟಲು ಕೆಟ್ಟಿದ್ರೆ ನನ್ನದಿದೆಯಲ್ಲ. ಇವತ್ತು ನಾನು ಲೀಡರ್ರನ್ನ ಕರ್ಕೊಂಡು ಬರ್ತೀನಿ."

"ಓಹೋ!" ಎಂದರು ಯಜಮಾನರು, ಜೀವ ಬಂದವರಂತೆ.

ಅವಳು ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿದಳು. ಬಲಗಿವಿಯ ಹಾಲೆಯನ್ನು ಎರಡು ಸಲ ಎಳೆದಳು. ಕಾಗದದ ಕರವಸ್ತ್ರದಿಂದ ತುಟಿಯ ಎರಡು ಮೂಲೆಯನ್ನೂ ಒತ್ತಿ, ಯಾರು ಯಾರು ತನ್ನನ್ನು ನೋಡುತ್ತಿದ್ದಾರೆಂದು ಕಣ್ಣಂಚಿನಲ್ಲಿ ಎಣಿಸಿ, ಯಜಮಾನರು ನೋಡುತ್ತಿರುವುದು ಖಚಿತವಾದ ಮೇಲೆ ಗಂಟಲು ಸರಿಮಾಡಿಕೊಂಡಳು. ಆಮೇಲೆ ಒಂದು ಅಂಗೈಯನ್ನು ಮುಂದೆ ಚಾಚಿ, ಮುದ್ದು ನಾಯಿಗೆ ಕುಳಿತುಕೋ ಎನ್ನುವಂತೆ ಮೆಲ್ಲಗೆ ಗಾಳಿಯನ್ನು ತಟ್ಟಿದಳು. "ತಪ್ಪು ತಿಳೀಬೇಡಿ ಓಕ್‌ಹ್ವಾ ಅವರೇ. ಪ್ರೀತಿ ಇದ್ದೋರನ್ನೇ ಅಲ್ವಾ ತಮಾಷೆ ಮಾಡೋದು?"

ದನಿ ದಪ್ಪವಾಗಿತ್ತು, ಸೋಲ್ ನಗರದ್ದಾಗಿತ್ತು, ಒಂದು ಅಕ್ಷರವೂ ಎಲ್ಲೂ ಇಣುಕಲಿಲ್ಲ. ಕೋಣೆ ಒಡೆದುಹೋಯಿತು. ಪೆಂಗ್ ಪಕ್ಕಕ್ಕೆ ಉರುಳಿಬಿದ್ದ, ಯಜಮಾನರು ಕಣ್ಣೊರೆಸಿಕೊಳ್ಳುತ್ತ, "ಇವನೇ! ಅಯ್ಯಯ್ಯೋ, ಇವನೇ ಕಣ್ರೋ!" ಎಂದು ಕೂಗಿದರು. ಇನ್‌ಮೊ ಅದನ್ನು ನೋಡಿದ. ತನ್ನ ಕಿವಿ, ತನ್ನ ತುಟಿ, ಯಾರು ನೋಡುತ್ತಿದ್ದಾರೆಂದು ಎಣಿಸುವ ತನ್ನ ಕಣ್ಣು. ಅಷ್ಟು ನಿಖರವಾಗಿ ಯಾರನ್ನೂ ಅವನು ಎಂದೂ ಮಾಡಿರಲಿಲ್ಲ. ಅಷ್ಟು ಹೊತ್ತು ಯಾರನ್ನೂ ಅವನು ಎಂದೂ ನೋಡಿರಲಿಲ್ಲ. ಮತ್ತು ಈಗ ನಗುತ್ತಲೇ ಎಲ್ಲರೂ ಅವನ ಕಡೆಗೆ ತಿರುಗಿ ಅವನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದರು. ತಡಮಾಡಿದರೆ ಸಿಟ್ಟು ಬಂತೆನ್ನುತ್ತಾರೆ. ಹೊಟ್ಟೆಯ ತಳದಲ್ಲಿ ಎಲ್ಲಿಂದಲೋ ಹಿಡಿದು ಮೇಲಕ್ಕೆಳೆದು ಅವನು ನಕ್ಕ. ಮೊದಲ ತುಂಡು ಬಂದ ಮೇಲೆ ಉಳಿದದ್ದು ಸುಲಭವಾಯಿತು. ಎಷ್ಟು ಏರಬೇಕೆಂದು ಹೆಗಲಿಗೇ ತಿಳಿಯಿತು. ಕಣ್ಣಲ್ಲಿ ನೀರು ಬಂತು, ಅದು ಬಂದದ್ದು ಒಳ್ಳೆಯದೇ ಆಯಿತು, ಚೆನ್ನಾಗಿ ನಗುವವನಿಗೆ ಅದೂ ಬರುತ್ತದೆ. ಓಕ್‌ಹ್ವಾ ಕುಳಿತು ಕೋಟಿನ ಅಂಚನ್ನು ಮೊಣಕಾಲ ಕೆಳಗೆ ಮಡಚಿಕೊಂಡಳು. ಇಡೀ ಕೋಣೆಯಲ್ಲಿ ನಗದೆ ಇದ್ದವಳು ಅವಳೊಬ್ಬಳೇ. ಅವನು ಇನ್ನೂ ನಗುತ್ತಿದ್ದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

ಅವಳು ಮೇಜಿನಾಚೆಯಿಂದ ಬಾಗಿ ಅವನ ಮುಂದೆ ಒಂದು ಕರವಸ್ತ್ರ ಇಟ್ಟಳು. ಅವನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ, ಕೆಲಸ ಕಲಿಸುವವರು ಹೇಳಿಕೊಡುವ ದನಿಯಲ್ಲಿ ಹೇಳಿದಳು:

"ಇನ್ನು ನಿಲ್ಲಿಸಬಹುದು ಲೀಡರ್ರೇ. ಅವರೆಲ್ಲ ಊಟಕ್ಕೆ ಕೈ ಹಾಕಿದ್ರು."